ಮೆತ್ತನೆಯ ಸೆರಗು

ಹಂಪಮ್ಮ ಮೂರನೆಯ ಸೀರೆಯನ್ನೂ ಪಕ್ಕಕ್ಕೆ ಸರಿಸಿದಾಗ ಮೌನಮ್ಮನಿಗೆ ಸಂಶಯ ಬಂತು. ಈ ಹೆಂಗಸು ಮಗಳ ಮದುವೆಗೆ ಸೀರೆ ಕೊಳ್ಳಲು ಬಂದವಳಲ್ಲ. ಮಗಳ ಆಸೆ ಮುರಿಯಲು ಬಂದವಳು.

ಯಾದಗಿರಿಯ ಸ್ಟೇಷನ್ ರಸ್ತೆಯ ಆ ರೇಷ್ಮೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವುದು ಮೌನಮ್ಮನ ಕೆಲಸ. ಮದುವೆ ಸೀರೆಗೆ ಬಂದವರನ್ನು ಗಾದಿಯ ಮೇಲೆ ಕೂರುವ ರೀತಿಯಲ್ಲೇ ಅವಳು ಗುರುತಿಸುತ್ತಿದ್ದಳು. ಮದುಮಗಳು ತಾಯಿಗೆ ಒತ್ತಿಕೊಂಡೇ ಕೂರುತ್ತಾಳೆ. ಶಾಂಭವಿ ಎಂಬ ಈ ಹುಡುಗಿ ಮಾತ್ರ ಮೊಳ ದೂರ ಕೂತಿದ್ದಳು, ಪರರ ಮನೆಗೆ ಬಂದವಳ ಹಾಗೆ. ಹಂಪಮ್ಮನ ತೊಡೆಯ ಮೇಲೆ ವರ್ಷ ತುಂಬಿದ ಹೆಣ್ಣುಕೂಸು.

“ಮೊಮ್ಮಗಳೇನ್ರಿ?” ಮೌನಮ್ಮ ಕೇಳಿದಳು.

“ಹೌದವ್ವ, ಮಗಳ ಕೂಸು.”

“ಸೀರಿ ಆರಸಾಕ ಅಕಿ ಬರಲಿಲ್ಲೇನ್ರಿ?”

“ಅಕಿಗೆ ಬರಾಕ ಆಗಂಗಿಲ್ಲ.”

ಶಾಂಭವಿ ತಲೆ ತಗ್ಗಿಸಿದಳು. ಅಕ್ಕತಂಗಿಯರ ನಡುವೆ ಮಾತಿಲ್ಲವೇನೋ ಎಂದುಕೊಂಡಳು ಮೌನಮ್ಮ.

ಕೈಮಗ್ಗದ್ದೇ ಬೇಕು ಎಂದು ಹಂಪಮ್ಮ ಹೇಳಿದ್ದರಿಂದ ಮೌನಮ್ಮ ಒಳ್ಳೊಳ್ಳೆಯ ಸೀರೆಗಳನ್ನೇ ತೆಗೆದಿದ್ದಳು. ಕಂಚಿ, ಧರ್ಮಾವರಂ, ಮೊಳಕಾಲ್ಮೂರು. ಹಂಪಮ್ಮ ಬೆಲೆ ಕೇಳಲಿಲ್ಲ. ಬಣ್ಣವನ್ನೂ ನೋಡಲಿಲ್ಲ. ಸೆರಗನ್ನು ತಿರುವಿ, ಹಿಂಬದಿಯ ಜರಿ ಎಳೆಗಳನ್ನು ಬೆರಳಿನಿಂದ ಸವರಿ, ಕೊನೆಗೆ ಕೂಸಿನ ಕೆನ್ನೆಗೆ ಹಚ್ಚುತ್ತಿದ್ದಳು. ಕೂಸು ಮುಖ ಕಿವುಚಿದರೆ ಮುಗಿಯಿತು.

“ಚುಚ್ಚತದ. ಬ್ಯಾರೆ ತೋರಸವ್ವ.”

ಎಳೆ ಸುಟ್ಟು ವಾಸನೆ ನೋಡುವವರನ್ನು ಮೌನಮ್ಮ ಕಂಡಿದ್ದಳು. ಬಿಸಿಲಿಗೆ ಒಯ್ದು ಬಣ್ಣ ನೋಡುವವರನ್ನೂ ಕಂಡಿದ್ದಳು. ಇಂಥ ಪರೀಕ್ಷೆ ಇದೇ ಮೊದಲು. ಅಜ್ಜಿಯ ಮುದ್ದಿಗೂ ಒಂದು ಮಿತಿ ಬೇಡವೆ? ಮದುವೆ ಯಾರದು, ಮೊಮ್ಮಗಳದೇ?

ಆಮೇಲೆ ಬಿಚ್ಚಿದ್ದು ಗಿಳಿಹಸಿರು. ಮೈತುಂಬ ಜರಿಯ ಬುಟ್ಟಾ, ಗೇಣಗಲದ ಅಂಚು. ಶಾಂಭವಿಯ ಮುಖ ಮೊದಲ ಸಲ ಅರಳಿತು. ಮೌನಮ್ಮ ತಡಮಾಡದೆ ಅವಳ ಹೆಗಲಿಗೆ ಸೆರಗು ಹಾಕಿ, ಒಳಗಿನ ಕನ್ನಡಿಯ ಮುಂದೆ ಒಯ್ದು ನಿಲ್ಲಿಸಿ, ಮೆಲ್ಲಗೆ ಕೇಳಿದಳು: “ಮನಸ್ಸಿದ್ದೇ ಮದುವಿ ಆಗಾಕತ್ತೀಯೇನವ್ವ?”

“ಹೌದ್ರಿ ಅಕ್ಕ. ಮನಿಗೆ ಹೋಗಿ ನೋಡಿದ ಮ್ಯಾಲೆ ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ.”

ಇದೂ ಒಂದು ಒಪ್ಪಿಗೆಯೇ? ಮೌನಮ್ಮನ ಮದುವೆಯ ಸೀರೆಯನ್ನು ಅವಳಿಗೆ ತೋರಿಸದೆಯೇ ತಂದಿದ್ದರು. ಗಂಡನನ್ನೂ ಹಾಗೆಯೇ.

“ನೋಡ್ರಿ ಅವ್ವಾರ, ಹೆಂಗ ಕಾಣ್ತಾಳ!” ಎಂದು ಕೂಗಿದಳು.

ಹಂಪಮ್ಮ ನೋಡಿದಳು. ಮರುಗಳಿಗೆ ಮುಖವನ್ನು ರಸ್ತೆಯ ಕಡೆ ತಿರುಗಿಸಿದಳು. ಬಹಳ ಹೊತ್ತು ಈ ಕಡೆ ತಿರುಗಲೇ ಇಲ್ಲ. ಮಗಳ ಚೆಲುವು ಕಂಡು ಹೀಗೆ ಮುಖ ತಿರುಗಿಸುವ ತಾಯಿಯೂ ಇರುತ್ತಾಳೆಯೆ?

“ಅವ್ವಾ...” ಆ ಶಬ್ದ ಶಾಂಭವಿಯ ಬಾಯಿಂದ ಅಂಜುತ್ತ ಬಂತು. “ಬ್ಯಾಡಂದ್ರ ಬಿಡ್ರಿ.”

“ಕೂಸಿನ್ನ ಹಿಡಿ.”

ಶಾಂಭವಿ ಎತ್ತಿಕೊಂಡದ್ದೇ ತಡ, ಕೂಸು ಚೀರತೊಡಗಿತು. ಅಜ್ಜಿಯ ಕಡೆ ಕೈಚಾಚಿತು. ಹಂಪಮ್ಮ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. “ಅಳಲಿ. ಎದಿಗೆ ಹಚ್ಚಿಕೊಂಡು ಅಡ್ಡಾಡು, ಸುಮ್ಮನಾಗ್ತದ.”

ಮದುವೆಯ ಸೀರೆ ಆರಿಸುವ ದಿನವೂ ಅಕ್ಕನ ಕೂಸಿನ ಚಾಕರಿ! ಸಿಟ್ಟು ನುಂಗಿಕೊಂಡು ಮೌನಮ್ಮ ಮಾತು ಬದಲಿಸಿದಳು. “ಹುಡುಗ ಹೆಂಗದಾನ್ರಿ?”

“ಭಾಳ ಒಳ್ಳೆಯವ. ಶಹಾಪುರದಾಗ ಸಾಲಿ ಮಾಸ್ತರ. ಸಿಟ್ಟು ಬಂದ್ರ ಬೈಯಂಗಿಲ್ಲ, ಉಣ್ಣದ ಮಲಗಿಬಿಡ್ತಾನ. ಎಬ್ಬಿಸಿ ಉಣಸಬೇಕು.” ಇದನ್ನು ಹಂಪಮ್ಮ ಶಾಂಭವಿಗೆ ಕೇಳಿಸುವಂತೆ ಹೇಳಿದಳು.

ಇನ್ನೂ ಅಕ್ಷತೆ ಬಿದ್ದಿಲ್ಲ, ಆಗಲೇ ಅಳಿಯನ ಸಿಟ್ಟಿನ ಚಿಂತೆ. ಮಗಳ ಮನಸ್ಸಿನದು ಮಾತ್ರ ಇಲ್ಲ.

ಕೊನೆಗೆ ಹಂಪಮ್ಮ ತಾನೇ ಎದ್ದು ಕಪಾಟಿನ ಮೂಲೆಯಲ್ಲಿದ್ದ ಒಂದು ಇಳಕಲ್ ಸೀರೆ ತೋರಿಸಿದಳು. ಶುದ್ಧ ರೇಷ್ಮೆ, ದಾಳಿಂಬೆ ಬಣ್ಣ. ಜರಿಯ ಒಂದೆಳೆಯೂ ಇಲ್ಲ. ಶಾಂಭವಿಯ ಹೆಗಲ ಮೇಲೆ ಅಳುತ್ತಿದ್ದ ಕೂಸಿನ ಕೆನ್ನೆಗೆ ಸೆರಗು ತಾಗಿಸಿದಳು. ಕೂಸು ಬಿಕ್ಕಳಿಸಿತು, ಸೆರಗನ್ನು ಮುಷ್ಟಿಯಲ್ಲಿ ಹಿಡಿಯಿತು, ಅಲ್ಲೇ ಮುಖ ಒತ್ತಿ ಸುಮ್ಮನಾಯಿತು.

“ಇದೇ ಇರಲಿ,” ಎಂದಳು ಹಂಪಮ್ಮ. ಅವಳ ದನಿ ಒಡೆದಿತ್ತು.

ಶಾಂಭವಿ ಗಾದಿಯ ಮೇಲೆ ಬಿದ್ದಿದ್ದ ಹಸಿರಿನ ಕಡೆ ಒಮ್ಮೆ ನೋಡಿದಳು. “ಹೂಂ” ಎಂದಳು.

ಮೌನಮ್ಮನಿಗೆ ತಡೆಯಲಾಗಲಿಲ್ಲ. “ಸಿಟ್ಟಾಗಬ್ಯಾಡ್ರಿ ಅವ್ವಾರ. ಇಂಥಾ ಇಳಕಲ್ ಸೀರಿ ಮುಂದ ಬೇಕಾದಷ್ಟು ಉಡ್ತಾಳ. ಅಕಿ ಜೀವ ಆ ಹಸರಿನ ಮ್ಯಾಲದ. ನೀವು ಮೊಮ್ಮಗಳ ಮಾರಿ ನೋಡಿ ಸೀರಿ ಆರಸಾಕತ್ತೀರಿ. ಹಡದ ಮಗಳ ಒಂದು ದಿನದ ಆಸೀನೂ ತೀರಸಬಾರದೇನ್ರಿ?”

ಶಾಂಭವಿ ಕೂಸನ್ನು ಎತ್ತಿಕೊಂಡೇ ಓಡಿಬಂದು ಮೌನಮ್ಮನ ಕೈ ಹಿಡಿದಳು. “ಅಕ್ಕಾ, ಸುಮ್ಮನಿರ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಸುಮ್ಮನಿರ್ರಿ.” ಅವಳ ಕಣ್ಣುಗಳು ತುಂಬಿ ಹರಿಯುತ್ತಿದ್ದವು.

ಹಂಪಮ್ಮನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಗಾದಿಯ ಅಂಚಿಗೆ ಕುಸಿದು ಕೂತಳು. ಬಾಯಿಗೆ ಸೆರಗು ಒತ್ತಿಕೊಂಡಳು, ತೆಗೆದಳು.

“ನಾ ಹಡದ ಮಗಳು ಈ ಕೂಸಿನ್ನ ಹಡದು ತೀರಿಕೊಂಡ್ಲವ್ವ,” ಎಂದಳು. “ಈಕಿ ನಮ್ಮ ಅಳಿಯನ್ನ ಮಾಡಿಕೊಂಡು, ಇದಕ್ಕ ಅವ್ವ ಆಗಾಕಿ.”