ಎಡಗಡೆಯ ಅಂಚು

"ಕಂಠೆಪ್ಪಾ, ಒಂದೀಟು ಆ ಗ್ವಾಡಿ ತುದಿಗೆ ನಿಂದರು. ಎಡಕ್ಕ... ಇನ್ನೂ ಎಡಕ್ಕ ಸರಿ." ಕ್ಯಾಮೆರಾಕ್ಕೆ ಕಣ್ಣು ಹಚ್ಚಿಕೊಂಡೇ ಮಜರ ಕೂಗಿದ.

ಗೋವಾದ ಫಾತೋರ್ಡಾದಲ್ಲಿ ಅವನ ಫೋಟೋ ಸ್ಟುಡಿಯೋದ ಹಿಂದೆಯೇ ಹೊಸ ಕಟ್ಟಡ ಏಳುತ್ತಿತ್ತು. ಮಡಗಾಂವಿನ ಅಂಗಡಿಯವನು ಒಂದು ಜೂಮ್ ಲೆನ್ಸು ಕೊಟ್ಟು, ಇಟ್ಟುಕೊಂಡು ನೋಡು, ಮನಸ್ಸಿಗೆ ಬಂದರೆ ಮಾತಾಡೋಣ ಅಂದಿದ್ದ. ಮಜರನದು ಲೆನ್ಸು ಬಿಚ್ಚಿ ಹಾಕುವ ಡಿಜಿಟಲ್ ಕ್ಯಾಮೆರಾ. ಮದುವೆಯ ಗದ್ದಲದಲ್ಲಿ ಲೆನ್ಸು ಬದಲಿಸುತ್ತ ಕೂತರೆ ಅಷ್ಟರಲ್ಲಿ ಅಕ್ಷತೆ ಬಿದ್ದು ಹೋಗಿರುತ್ತಿತ್ತು. ಇಡೀ ಮಂಟಪವನ್ನೂ ಮದುಮಗಳ ಮೂಗುತಿಯನ್ನೂ ಒಂದರಲ್ಲೇ ಹಿಡಿಯುವ ಲೆನ್ಸು ಸಿಕ್ಕರೆ ಅರ್ಧ ಜೀವ ಉಳಿದಂತೆ. ಅದಕ್ಕೇ ಬೆಳಗಿನಿಂದ ಆ ಕೆಂಪುಗಲ್ಲಿನ ಗೋಡೆಯನ್ನು ಹತ್ತಿರ ಮಾಡಿ, ದೂರ ಮಾಡಿ ತೆಗೆಯುತ್ತಿದ್ದ. ಚಿತ್ರದ ಎಡಗಡೆ ಮಸುಕಾಗುತ್ತಿದೆಯೇನೋ ಎಂದು ಸಂಶಯ. ಕಲ್ಲು ಸಾಲದು, ಅಲ್ಲೊಂದು ಮನುಷ್ಯನ ಮುಖ ಇಟ್ಟು ನೋಡಬೇಕು ಅನ್ನಿಸಿತ್ತು.

ಕಂಠೆಪ್ಪ ಆ ಗೋಡೆ ಕಟ್ಟುತ್ತಿದ್ದ ಗೌಂಡಿ. ಮುದ್ದೇಬಿಹಾಳದ ಕಡೆಯವನು. ಮಜರನ ಅಪ್ಪನ ಊರೂ ಅದರ ಮಗ್ಗುಲಿನದೇ ಆದ್ದರಿಂದ ಇಬ್ಬರಿಗೂ ಚಹಾದ ಸಲಿಗೆ. ಫೋಟೋ ಅಂದದ್ದೇ ತಡ, ಅವನು ಡ್ರಮ್ಮಿನ ನೀರಲ್ಲಿ ಮುಖ ತೊಳೆದ. ಒದ್ದೆ ಕೈಯಲ್ಲೇ ಕೂದಲು ತೀಡಿಕೊಂಡು ಅಂಗಿಯ ಗುಂಡಿಯನ್ನು ಕೊರಳತನಕ ಹಾಕಿಕೊಂಡ.

"ನಡುವ ನಿಂದರಲೇನು ಭಾಯ್? ಮೂಲ್ಯಾಗ ಕಳ್ಳ ನಿಂತಂಗ ಆಕ್ಕೈತಿ."

"ನಡುವಿಂದು ಚಲೋ ಬರತೈತಿ, ಗೊತ್ತೈತಿ. ನಾ ಅಂಚು ನೋಡಾಕತ್ತೇನಿ. ಅಲುಗಾಡಬ್ಯಾಡ."

ಕಂಠೆಪ್ಪ ಉಸಿರು ಬಿಗಿಹಿಡಿದು ನಿಂತ. ಸಂಜೆ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಮಜರನ ಸಂಶಯ ಖರೆಯಾಗಿತ್ತು. ನಡುಭಾಗದಲ್ಲಿ ಗೋಡೆಯ ಮೇಲಿನ ಇರುವೆ ಸಾಲೂ ಕಾಣುತ್ತಿತ್ತು. ಎಡಗಡೆ ಎಲ್ಲವೂ ನೀರೊಳಗಿಂದ ಕಂಡ ಹಾಗೆ. ಒಳಗಿನ ಗಾಜು ಎಲ್ಲೋ ವಾಲಿದೆ ಎಂದುಕೊಂಡು ಮರುದಿನವೇ ಲೆನ್ಸು ವಾಪಸು ಕೊಟ್ಟ. ಫೋಟೋ ಕೇಳಲು ಬಂದ ಕಂಠೆಪ್ಪನಿಗೆ, "ಸರಿ ಬಂದಿಲ್ಲೋ. ಚಲೋ ಲೆನ್ಸ್ ಬರಲಿ, ಮತ್ತ ತಗಿತೀನಿ" ಅಂದ. "ಆತು ಬಿಡ್ರಿ, ನಾ ಎಲ್ಲಿ ಓಡಿ ಹೊಕ್ಕೇನಿ" ಎಂದು ಕಂಠೆಪ್ಪ ನಕ್ಕು ಹೋದ.

ಮಳೆ ಹಿಡಿಯುವ ಹೊತ್ತಿಗೆ ಗುತ್ತಿಗೆದಾರ ಅವನನ್ನು ಕುಂಕಳ್ಳಿಯ ಕೆಲಸಕ್ಕೆ ಕಳಿಸಿದ. ಅಲ್ಲಿ ಪಾಯದ ಗುಂಡಿಗೆ ಇಳಿದಿದ್ದಾಗ ನೆನೆದ ಮಣ್ಣಿನ ದಂಡೆ ಕುಸಿಯಿತು. ಮಜರನಿಗೆ ಸುದ್ದಿ ತಿಳಿದದ್ದು ಚಹಾದಂಗಡಿಯಲ್ಲಿ. ಅಷ್ಟರಲ್ಲಿ ಹೆಣ ಊರಿಗೆ ಹೋಗಿಯಾಗಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಕಂಠೆಪ್ಪನ ಹೆಂಡತಿ ಶಿವವ್ವ ಸ್ಟುಡಿಯೋದ ಬಾಗಿಲಲ್ಲಿ ಬಂದು ನಿಂತಳು. ಇಲ್ಲಿನ ಖೋಲಿ ಖಾಲಿ ಮಾಡಿ ಪಾತ್ರೆ ಪಗಡ ಒಯ್ಯಲು ಊರಿಂದ ಬಂದಿದ್ದಳು.

"ಅಣ್ಣಾರ, ಅವರದೊಂದು ಫೋಟೋ ನಿಮ್ಮ ಕಡೆ ಐತಂತಲ್ರೀ, ಸರಿ ಬರದಿದ್ರೂ ನಡೀತೈತ್ರಿ. ಮನಿಯಾಗ ಒಂದೂ ಇಲ್ರಿ. ನಮ್ಮದು ಸಾಮೂಹಿಕ ಲಗ್ನ, ಅದರ ಫೋಟೋದಾಗ ಬಾಸಿಂಗ ಬಿಟ್ರ ಯಾರ ಮಾರೀನೂ ಕಾಣಂಗಿಲ್ಲ. ವೋಟಿನ ಕಾರ್ಡು ಕಿಸೇದಾಗ ಇತ್ತು, ಮಣ್ಣಾಗ ಹೋತು."

ಮಜರ ಕಂಪ್ಯೂಟರಿನ ಮುಂದೆ ಕೂತ. ಹುಡುಕಿದ. ಬಣ್ಣ ಏರಿಸಿದ, ಇಳಿಸಿದ, ಅಂಚು ಚೂಪು ಮಾಡಿದ. ಎಷ್ಟು ತಿದ್ದಿದರೂ ಕಣ್ಣಿದ್ದಲ್ಲಿ ಎರಡು ಕಪ್ಪು ಚುಕ್ಕೆ, ಮೂಗಿದ್ದಲ್ಲಿ ಒಂದು ನೆರಳು, ಅಷ್ಟೆ. ಆ ದಿನ ಒಂದೇ ಒಂದು ಸಲ 'ನಡುವ ಬಾ' ಎಂದಿದ್ದರೆ ಸಾಕಿತ್ತು. ಇನ್ನೊಂದು ಸಲ ಕ್ಯಾಮೆರಾದ ಗುಂಡಿ ಒತ್ತಲು ಅವನಿಗೆ ಏನು ಹೋಗುತ್ತಿತ್ತು?

ಶಿವವ್ವ ಬಗ್ಗಿ ನೋಡಿದಳು. "ಅಂಗಿ ಅವರದ. ನಿಂತದ್ದೂ ಅವರಂಗನ." ಬೆರಳನ್ನು ಗಾಜಿನ ಹತ್ತಿರ ಒಯ್ದು, ಮುಟ್ಟದೆ, ಕೇಳಿದಳು: "ಮಾರಿ ಎಲ್ಲೈತ್ರಿ?"

"ಲೆನ್ಸ್ ಕೆಟ್ಟಿತ್ತು ತಂಗೀ..."

ಅವಳು ಅಳಲಿಲ್ಲ. ಬೆರಳು ಹಿಂದಕ್ಕೆ ಎಳೆದುಕೊಂಡು, "ಈಗ ಚಲೋದು ಬಂದೈತೇನ್ರಿ?" ಅಂದಳು.

"ಬಂದೈತಿ."

"ಅದು ಬಂದ ಮ್ಯಾಲ ಇಬ್ಬರೂ ಹೋಗಿ ತೆಗೆಸೂಣು ಅಂದಿದ್ದರು. ನಾಳೆ ನಾ ಊರಿಗೆ ಹೊಂಟೇನಿ, ಇನ್ನ ಈ ಕಡೆ ಬರೂದಿಲ್ಲ. ಹಂಗಾರ ತಗೀರಿ."

ಮಜರ ದೀಪ ಹಚ್ಚಿ, ಬಿಳಿ ಪರದೆ ಎಳೆದ. ಶಿವವ್ವ ಸೆರಗು ತಲೆಗೆ ಹೊದ್ದು ಬೆಂಚಿನ ಒಂದು ತುದಿಗೆ ಹೋಗಿ ಕೂತಳು.

"ನಡುವ ಕೂಡು ತಂಗೀ."

"ಇರಲಿ ಅಣ್ಣಾರ. ಅವರ ಜಾಗಾ ಹಂಗ ಇರಲಿ."

ಮಜರ ಗುಂಡಿ ಅರ್ಧ ಒತ್ತಿದ. ಫೋಕಸ್ ಹಿಡಿಯಲು ನಡುವೆ ಏನೂ ಸಿಗದೆ, ಹೊಸ ಲೆನ್ಸು ಸಣ್ಣಗೆ ಗೊರ್ ಅನ್ನುತ್ತ ಆ ಖಾಲಿ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಹುಡುಕಾಡತೊಡಗಿತು.