ಹಿಂದಿನ ಸಾಲಿನ ವನ್ಸ್ ಮೋರ್

ಮುದುಕಿ ಇಲ್ಲಿಗೂ ಬಂದಿದ್ದಳು. ಬೀದರದ ರಂಗಮಂದಿರದ ಕೊನೆಯ ಸಾಲು, ಬಾಗಿಲ ಪಕ್ಕದ ಕುರ್ಚಿ, ತಲೆಯ ಮೇಲೆ ಹಸಿರು ಸೆರಗು. ಪರದೆಯ ಸಂದಿಯಿಂದ ಇಣುಕಿದ ಪ್ರಭಾಕರ ಥಟ್ಟನೆ ಹಿಂದೆ ಸರಿದ.

ಹೋದ ಶನಿವಾರ ಔರಾದದಲ್ಲಿ ವಾಲಿಬಾಲ್ ಟೂರ್ನಿಯ ಬಹುಮಾನ ವಿತರಣೆಯಲ್ಲಿ ಅವನ ಹಾಡಿತ್ತು. ಅದರ ಹಿಂದಿನ ವಾರ ಭಾಲ್ಕಿಯ ಸಂಗೀತ ಸಂಜೆ. ಎರಡೂ ಕಡೆ ಅದೇ ಮುದುಕಿ, ಅದೇ ಕೂಗು: ವನ್ಸ್ ಮೋರ್. ನಾಟಕ ಕಂಪನಿಗಳ ಕಾಲದಿಂದಲೂ ಈ ಸೀಮೆಯ ಹಾಡುಗಾರನಿಗೆ ಆ ಎರಡು ಶಬ್ದ ಹೋಳಿಗೆ ಊಟವಿದ್ದ ಹಾಗೆ. ಆದರೆ ಹೆಂಗಸೊಬ್ಬಳು ಹಾಗೆ ಕೂಗುವುದು ಎಲ್ಲುಂಟು? ಜನ ತಿರುಗಿ ನೋಡಿ ನಗುತ್ತಿದ್ದರು. ಆಕೆಗೆ ಅದರ ಪರಿವೆಯೇ ಇರಲಿಲ್ಲ.

ಬೇರೆ ಯಾವ ಹಾಡಿಗೂ ಆಕೆ ಚಪ್ಪಾಳೆ ತಟ್ಟುವವಳಲ್ಲ. ಒಂದೇ ಹಾಡಿಗೆ ಕೂಗುವವಳು, ಅದೂ ಹಾಡಿನ ನಡುವೆ, ಎರಡನೆಯ ಚರಣ ಎತ್ತಿಕೊಳ್ಳುತ್ತಿದ್ದಂತೆ. ಪ್ರಭಾಕರ ಸಭೆಯ ಮರ್ಯಾದೆಗಾಗಿ ಮೊದಲ ಚರಣವನ್ನು ಮತ್ತೆ ಹಾಡುತ್ತಿದ್ದ. ಮುದುಕಿ ಅದಲ್ಲ ಎಂಬಂತೆ ಕೈ ಬೀಸಿ ಇನ್ನೊಮ್ಮೆ ಕೂಗುತ್ತಿದ್ದಳು. ಎಷ್ಟು ಹಾಡಿದರೂ ಆಕೆಗೆ ತೃಪ್ತಿಯಿಲ್ಲ. ಕೊನೆಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ಹೋಗುತ್ತಿದ್ದಳು.

ಅಣಕಿಸುತ್ತಿದ್ದಾಳೆ ಎಂದು ಪ್ರಭಾಕರನಿಗೆ ಖಾತ್ರಿಯಾಗಿತ್ತು. ಅದಕ್ಕೆ ಕಾರಣವೂ ಇತ್ತು. ಆ ಹಾಡು ಅವನದಲ್ಲ.

ಹಾಡು ಅವನ ಹೆಂಡತಿ ಸಿದ್ದೇಶ್ವರಿಯದು. ಠಾಣಾ ಕುಶನೂರಿನ ಕುರಿ ಕಾಯುವವರ ಮನೆಯ ಹುಡುಗಿ, ನರ್ಸಿಂಗ್ ಕಲಿಯಲು ಬೀದರಕ್ಕೆ ಬಂದವಳು. ಬ್ಯಾಂಕಿನಲ್ಲಿ ನೌಕರಿ ಮಾಡುತ್ತ, ರಜೆಯ ದಿನ ಊರೂರು ತಿರುಗಿ ಹಾಡುತ್ತಿದ್ದ ಪ್ರಭಾಕರನನ್ನು ಮೆಚ್ಚಿ, ಮನೆಯವರ ಮಾತು ಮೀರಿ ಮದುವೆಯಾದಳು. ತಪ್ಪಿಸಿಕೊಂಡ ಕುರಿಮರಿಯನ್ನು ಕರೆಯುವ ಈ ಹಾಡನ್ನು ಚಿಕ್ಕವಳಿದ್ದಾಗ ಅಡವಿಯಲ್ಲಿ ತಾನೇ ಕಟ್ಟಿದ್ದೆಂದು ಹೇಳಿಕೊಂಡು ನಗುತ್ತಿದ್ದಳು. ಎರಡು ವರ್ಷದ ಹಿಂದೆ ಜ್ವರವೆಂದು ಮಲಗಿದವಳು ಏಳಲಿಲ್ಲ.

ಆಕೆ ಹೋದ ವರ್ಷವೇ ಪ್ರಭಾಕರ ಅದನ್ನು ಒಂದು ಜಾತ್ರೆಯಲ್ಲಿ ಮೊದಲ ಬಾರಿ ಹಾಡಿದ. ನಿರೂಪಕ ಇದು ಪ್ರಭಾಕರರದೇ ರಚನೆ ಎಂದುಬಿಟ್ಟ. ಅಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಚಪ್ಪಾಳೆ ಬಿತ್ತು, ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಅಲ್ಲಿಂದ ಹಾಡು ಮೊಬೈಲಿನಿಂದ ಮೊಬೈಲಿಗೆ ಹಾರಿತು, ಹೆಸರು ಬೆಳೆಯಿತು.

ಹೆಂಡತಿಗೆ ಹೆಸರು ಕೊಡದಿದ್ದರೂ ಜಾಗ ಕೊಟ್ಟಿದ್ದೇನೆ ಎಂದು ಅವನು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದ. ಆಕೆ ಅಡುಗೆಮನೆಯಲ್ಲಿ ಗುನುಗಿದ್ದನ್ನು ಒಮ್ಮೆ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ. ಕೀಬೋರ್ಡ್ ನುಡಿಸುವ ಆತೀಫ ರೊಟ್ಟಿ ಬಡಿಯುವ ಸದ್ದನ್ನು ತೆಗೆದು, ಆ ಗುನುಗನ್ನು ಎರಡು ಚರಣಗಳ ನಡುವೆ ಜೋಡಿಸಿದ್ದ. ಹಾಡನ್ನು ಮರಳಿ ಹಾಡಬೇಕಾಗಿ ಬಂದಾಗ ಮಾತ್ರ ಹೊತ್ತು ಉಳಿಸಲು ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು.

ಮದುವೆಗೂ ಮಣ್ಣಿಗೂ ಕುಶನೂರಿನಿಂದ ಒಂದು ನರಪಿಳ್ಳೆ ಬಂದಿರಲಿಲ್ಲ. ಇನ್ನು ಹಾಡಿಗೆ ಯಾರು ಬರುತ್ತಾರೆ ಎಂದುಕೊಂಡಿದ್ದ ಪ್ರಭಾಕರ. ಇವಳು ಬಂದಿದ್ದಾಳೆ. ಅದೂ ಇವತ್ತು. ಇವತ್ತು ಅವನಿಗೆ ಶ್ರೇಷ್ಠ ಗೀತರಚನೆಗಾಗಿ ಸನ್ಮಾನ. ಶಾಲು, ಪೇಟ, ಮುಂದಿನ ಸಾಲಿನಲ್ಲಿ ಊರಿನ ದೊಡ್ಡವರು. ಮುದುಕಿ ಎದ್ದುನಿಂತು ಒಂದು ಮಾತು ಆಡಿದರೆ ಮುಗಿಯಿತು.

ಅವನ ಸರದಿ ಬಂತು.

“ಹೊತ್ತ ಮುಳಗೇದ ಮರಿಯೆ, ಹಟ್ಟಿ ಬಾಗಿಲಾ ತೆರದದ...”

ಮೊದಲ ಚರಣ ಮುಗಿಯಿತು. ಆತೀಫ ಗುಂಡಿ ಒತ್ತಿದ. ಗುನುಗು ಬಂದು ಹೋಯಿತು. ಪ್ರಭಾಕರ ಎರಡನೆಯ ಚರಣಕ್ಕೆ ಉಸಿರೆಳೆದುಕೊಂಡ.

“ವನ್ಸ್ ಮೋರ್.”

ಸಭೆ ನಕ್ಕಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಪ್ರಭಾಕರ ಕೊರಳ ಬೆವರು ಒರೆಸಿಕೊಂಡ. ಕೇಳಿಸದವನಂತೆ ಹಾಡಿ ಮುಗಿಸಿದ. ಒಳಗೆ ಬಂದವನೇ, ಆ ಮುದುಕಿಯನ್ನು ಹೇಗಾದರೂ ಮಾಡಿ ಕರೆದುಕೊಂಡು ಬಾ ಎಂದು ಆತೀಫನನ್ನು ಓಡಿಸಿದ.

ಬಣ್ಣದ ಕೋಣೆಗೆ ಬಂದ ಮುದುಕಿ ಕುಳಿತುಕೊಳ್ಳಲಿಲ್ಲ. ಹತ್ತಿರದಿಂದ ನೋಡಿದರೆ ಬಡಕಲು ಜೀವ, ಬಿಸಿಲಿಗೆ ಸುಟ್ಟ ಕೈಗಳು. ಹೊರಗೆ ಮೈಕಿನಲ್ಲಿ ಸನ್ಮಾನಿತರ ಹೆಸರು ಕೂಗತೊಡಗಿದ್ದರು. ಪ್ರಭಾಕರ ಬಾಗಿಲು ಹಾಕಿ ಕೈ ಮುಗಿದ. ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಒಂದೇ ಉಸಿರಿಗೆ ಹೊರಬಿತ್ತು.

“ಹಾಡು ನಂದಲ್ಲರಿ. ನನ್ನ ಹೆಣ್ತಿದು. ಆಕಿ ಹೋಗಿಬಿಟ್ಟಾಳ. ನಿಮಗ ಗೊತ್ತದ ಅಂತ ನನಗೂ ಗೊತ್ತದರಿ. ಇವತ್ತೊಂದಿನ ಎಲ್ಲಾರ ಮುಂದ ಹೇಳಬ್ಯಾಡ್ರಿ.”

ಹೇಳುತ್ತ ಹೇಳುತ್ತ ಅವನಿಗೆ ಅಳು ಬಂತು. ಅದು ಭಯದ ಅಳುವಲ್ಲ. ಸಿದ್ದೇಶ್ವರಿ ಸತ್ತಂದು ಬರಬೇಕಾಗಿದ್ದ ಅಳು ಅದು, ಈಗ ಬಂದಿತ್ತು.

ಮುದುಕಿ ಅವನ ಮುಖ ನೋಡುತ್ತಿರಲಿಲ್ಲ. ಆಕೆಯ ಕಣ್ಣು ಆತೀಫನ ಬಗಲಲ್ಲಿದ್ದ ಕೀಬೋರ್ಡಿನ ಮೇಲಿತ್ತು. ಮೆಲ್ಲಗೆ ಹೋಗಿ ಅದನ್ನು ಅಂಗೈಯಿಂದ ಸವರಿದಳು.

“ಹಾಡು ಯಾರದರ ಇರಲಿ, ತಮ್ಮಾ,” ಎಂದಳು. “ನಡುವ ಗುನುಗತದಲ್ಲ, ಅದಷ್ಟ ಇನ್ನೊಮ್ಮಿ ಹಚ್ಚು. ಅಡವ್ಯಾಗ ಒದರಬ್ಯಾಡ, ಬಾಯಿ ಮುಚ್ಚು ಅಂತ ಬೈಕೋಂತನೇ ಇದ್ದೆ. ಒಂದಿನಾನೂ ಕಿವಿಗೊಟ್ಟು ಕೇಳಲಿಲ್ಲ ನಾ, ನನ್ನ ಮಗಳ ಧ್ವನಿ.”