ಬೀಡಿಯ ಜೊತೆಗೆ ಹೋಗುವವರು

ಮಿದುಳಿನಿಂದ ಬೀಡಿಯ ಚಟ ಕೀಳುವ ಮೊದಲು ರೋಗಿಗೆ ಅವನ ಕಡೆಯವರ ಫೋಟೊಗಳನ್ನು ಒಂದೊಂದಾಗಿ ತೋರಿಸುವುದು ಆ ಪ್ರಯೋಗಾಲಯದ ಪದ್ಧತಿ. ಯಾರ ಮುಖ ಕಂಡಾಗ ಮಿದುಳಿನಲ್ಲಿ ಬೀಡಿಯ ಜಾಗವೂ ಬೆಳಗುತ್ತದೋ, ಅವರ ನೆನಪು ಬೀಡಿಯ ಜೊತೆಗೇ ಹೋಗುತ್ತದೆ. ಸಾಮಾನ್ಯವಾಗಿ ಹೋಗುವವರು ಚಹಾದಂಗಡಿಯ ಗೆಳೆಯರು. ಅವರಿಗಾಗಿ ಯಾರೂ ಅಳುವುದಿಲ್ಲ.

ಫಕೀರಪ್ಪನ ತಲೆಯಲ್ಲಿ ಬೆಳಗಿದ್ದು ಹೆಂಡತಿ ಕಾಶವ್ವನ ಫೋಟೊಗೆ. ತಪ್ಪು ತನ್ನದೇ ಇರಬೇಕೆಂದು ಟೆಕ್ನಿಷಿಯನ್ ವನಮಾಲಾ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದಳು. ಆಗಲೂ ಅದೇ. ಹೊರಗೆ ಬೆಂಚಿನ ಮೇಲಿದ್ದ ಕಾಶವ್ವನಿಗೆ ಹೇಳದೆ ವಿಧಿಯಿರಲಿಲ್ಲ.

“ನಾನಾ? ಲಗ್ನ ಆದಾಗಿಂದ ಬೀಡಿ ಬಿಡು ಅಂತ ಬಾಯಿ ಬಡಕೊಂಡಾಕಿ ನಾ! ಮನ್ಯಾಗ ಒಂದಿನಾನೂ ಸೇದಾಕ ಬಿಟ್ಟಿಲ್ಲ.”

“ಅದಕ್ಕೇ ಅಜ್ಜಿ,” ವನಮಾಲಾ ತಲೆ ತಗ್ಗಿಸಿದಳು. “ಕಡ್ಡಿ ಗೀರುವಾಗೆಲ್ಲ ನೀವೆಲ್ಲಿ ನೋಡ್ತೀರೋ ಅಂತ ಅಜ್ಜಾರು ಅಂಜ್ಯಾರ. ಪ್ರತಿ ಬೀಡಿಗೂ ನಿಮ್ಮನ್ನ ನೆನಸ್ಯಾರ.”

“ಕೀಳದಿದ್ರ?”

“ಈ ವರ್ಷ ದಾಟೂದಿಲ್ಲ ಅಂದಾರ ಡಾಕ್ಟರು.”

ಕಾಶವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಕಿತ್ತಬಿಡವಾ. ಕಡೀಕೆ ನಾನಽ ಗೆದ್ದೆ ಅಂತ ತಿಳಕೋತೀನಿ.”

ಸಂಜೆ ಫಕೀರಪ್ಪ ವನಮಾಲಾಳ ಕೈ ಹಿಡಿದು ಹೊರಬಂದ. ಕೆಮ್ಮು ಹಾಗೇ ಇತ್ತು, ಆದರೆ ಕೈ ಜೇಬಿನ ಕಡೆ ಹೋಗಲಿಲ್ಲ. ಬೆಂಚಿನ ಮೇಲೆ ಕಾಶವ್ವನಿಂದ ಒಂದಿಷ್ಟು ಜಾಗ ಬಿಟ್ಟು ಕೂತು ಕೇಳಿದ, “ನಿಮ್ಮವರು ಯಾರು ಒಳಗದಾರ್ರೀ, ಅವ್ವಾರ?”

“ನಮ್ಮ ಯಜಮಾನ್ರು,” ಎಂದಳು ಕಾಶವ್ವ.

ವನಮಾಲಾ ಗೋಡೆಯ ಕಡೆ ತಿರುಗಿಕೊಂಡಳು.

“ಅಳಬ್ಯಾಡ್ರಿ,” ಎಂದು ಫಕೀರಪ್ಪ ಕಾಶವ್ವನಿಗೆ ಸಮಾಧಾನ ಹೇಳಿದ. “ಏನೂ ಆಗೂದಿಲ್ಲ. ನನ್ನ ನೋಡ್ರಿ, ನನಗೇನಾಗೇತಿ?”